ಕ್ಲಚ್ಚಿಲ್ಲದ ಕಾರು ತರಲು ಕೆಂಗೇರಿಗೆ

ಭಾನುವಾರ ಬೆಳಿಗ್ಗೆ ಏಳಕ್ಕೆ ಕುರುಬರಹಳ್ಳಿಯಿಂದ ಹೊರಟೆವು. ಕಾರ್ತಿಕದ ಚಳಿ, ಮೇಲೆ ಹೊದಿಕೆಯಿಲ್ಲದ ಕಾರು; ಅಕ್ಕ ಕೊಟ್ಟ ಮಫ್ಲರನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡೆ. ಕಾರು ಭಾವನದು, ಎರಡೇ ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಹೊಲ ತೋಟ ನೋಡಿಕೊಳ್ಳುವ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ಊರೇ ಆಡಿಕೊಂಡಿತ್ತು. ನಾನೂ ಆಡಿಕೊಂಡಿದ್ದೆ. ಸೈಕಲ್ ತುಳಿದು ಆಫೀಸಿಗೆ ಹೋಗುವ ಗುಮಾಸ್ತನ ಹೊಟ್ಟೆಕಿಚ್ಚು ಎಂದರೂ ಸರಿಯೇ.

ಹಿಂದಿನ ವರ್ಷ ಎತ್ತು ತುಳಿದು ಭಾವನ ಎಡಪಾದ ಜಜ್ಜಿ ಹೋಗಿತ್ತು. ಗೇರ್ ಬದಲಿಸುವಾಗಲೆಲ್ಲ ಆ ಕಾಲಿನಿಂದಲೇ ಕ್ಲಚ್ ಒತ್ತಬೇಕು. ಒತ್ತಿದರೆ ಜೀವ ಹೋಗುವಂಥ ನೋವು. ಗೇರು ತಾನಾಗಿಯೇ ಬೀಳುವ ಕಾರು ತಂದರೆ ಸರಿ, ಇಲ್ಲವಾದರೆ ಇನ್ನು ಸ್ಟಿಯರಿಂಗ್ ಮುಟ್ಟಕೂಡದು ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು. ಕೆಂಗೇರಿಯ ಬಂಗಲೆಯೊಂದರಲ್ಲಿದ್ದ ಅಮೆರಿಕದ ಎಂಜಿನಿಯರ್ ಬಳಿ ಅಂಥದೊಂದು ಸ್ಪೋರ್ಟ್ಸ್ ಕಾರಿತ್ತು. ಅವನಿಗೋ ಕೈಯಾರೆ ಗೇರ್ ಹಾಕುವ ಆಸೆ. ಅದಲುಬದಲಿಗೆ ಒಪ್ಪಿದ್ದ.

ಮಾಗಡಿ ರಸ್ತೆ ದಾಟಿ ಮೈಸೂರು ರಸ್ತೆಗೆ ಬಂದೆವು. ಒಟ್ಟು ಹತ್ತು ಮೈಲಿ ದಾರಿ. ವೃಷಭಾವತಿಯ ತಿಳಿನೀರಿನಲ್ಲಿ ಅಗಸರು ಬಟ್ಟೆ ಒಗೆಯುತ್ತಿದ್ದರು. ಮುಂದೆ ಏರಿನಲ್ಲಿ ಹುಲ್ಲಿನ ಗಾಡಿಯೊಂದು ಅಡ್ಡ ಬಂತು. ನಮ್ಮ ವೇಗ ಇಳಿದು ಎಂಜಿನ್ ಏದುಸಿರು ಬಿಡತೊಡಗಿತು. ಭಾವ ಕ್ಲಚ್ ಒತ್ತಲು ಹೋಗಿ, ಹಲ್ಲು ಕಚ್ಚಿ ಕಾಲು ತೆಗೆದರು. ನಿಂತೇ ಹೋದೆವು ಅಂದುಕೊಂಡೆ. ಅವರು ಕ್ಲಚ್ಚಿನ ಗೊಡವೆಗೇ ಹೋಗದೆ ಗೇರನ್ನು ಮೆಲ್ಲಗೆ ಬಿಡಿಸಿದರು. ಬಲಗಾಲಿನಲ್ಲಿ ಆಕ್ಸಿಲರೇಟರ್ ಒಮ್ಮೆ ಒತ್ತಿ, ತಲೆ ವಾಲಿಸಿ ಎಂಜಿನ್ನಿನ ಸದ್ದು ಕೇಳಿದರು. ಸದ್ದು ಹದಕ್ಕೆ ಬಂದ ಕೂಡಲೇ ಕೆಳಗಿನ ಗೇರಿಗೆ ತಳ್ಳಿದರು. ಚೂರೂ ಕಿರುಗುಟ್ಟಲಿಲ್ಲ. ಕಾರು ಗಾಡಿಯನ್ನು ಬಳಸಿಕೊಂಡು ಏರು ಹತ್ತಿತು. ಲಾರಿಯವರನ್ನು ನೋಡಿ ಕಲಿತದ್ದಂತೆ. ಕಿವಿಯಿಂದ ಕಾರು ಓಡಿಸುವವರನ್ನು ನಾನು ನೋಡಿದ್ದು ಅವತ್ತೇ ಮೊದಲು. ಇಷ್ಟು ದಿನ ಆಡಿಕೊಂಡದ್ದಕ್ಕೆ ನಾಚಿಕೆಯಾಯಿತು.

ಕೆಂಗೇರಿಯ ಹೋಟೆಲಿನಲ್ಲಿ ಬಿಸಿ ಇಡ್ಲಿ ತಿಂದು ಬಂಗಲೆಗೆ ಹೋದೆವು. ಅಮೆರಿಕದ ಕಾರಿಗೆ ಸ್ಟಿಯರಿಂಗ್ ಎಡಗಡೆ, ಪೆಡಲು ಎರಡೇ. ಓಡಿಸಿ ನೋಡಲು ಭಾವ ಹತ್ತಿ ಬಂಗಲೆಯ ಅಂಗಳದಲ್ಲೇ ಸುತ್ತು ಹೊರಟರು, ನಾನು ಪಕ್ಕದಲ್ಲಿ ಕೂತೆ. ವೇಗ ಏರುತ್ತಿದ್ದಂತೆ ಅವರ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ, ಅಗಲವಾದ ಬ್ರೇಕನ್ನೇ ಒತ್ತಿಬಿಟ್ಟಿತು. ಕಾರು ಗಕ್ಕನೆ ನಿಂತು ನನ್ನ ಹಣೆ ಗಾಜಿಗೆ ಬಡಿಯಿತು. ಹೀಗೇ ಮೂರು ಸಲ. ಭಾವನ ಮುಖ ಸಣ್ಣದಾಯಿತು. ಇದೂ ಕೈಗೆ ಹತ್ತದಿದ್ದರೆ ಕಾರು ಓಡಿಸುವುದು ಅಲ್ಲಿಗೆ ಮುಗಿದ ಹಾಗೆಯೇ.

"ಇದಕ್ಕೆ ಈ ಕಾಲೇ ಬೇಡ ಅಲ್ವೇನೋ?" ಎಂದರು. ಎಡಗಾಲಿನ ಚಪ್ಪಲಿ ಬಿಟ್ಟು, ಎತ್ತಿನ ಗಾಡಿ ಹೊಡೆಯುವಾಗ ಕೂರುವಂತೆ ಆ ಕಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡರು. ಆಮೇಲೆ ಕಾರು ನೀರು ಹರಿದಂತೆ ಹೋಯಿತು. ನೋಡುತ್ತಿದ್ದ ಅಮೆರಿಕದವನು ಚಪ್ಪಾಳೆ ತಟ್ಟಿದ. ಕಾಗದಗಳಿಗೆ ಸಹಿ ಆಯಿತು.

ಹನ್ನೊಂದಕ್ಕೆ ವಾಪಸು ಹೊರಟೆವು, ಬಿಸಿಲು ಹಿತವಾಗಿತ್ತು. ಏರು ಬಂದಾಗ ಕಾರು ಯಾರ ಅಪ್ಪಣೆಗೂ ಕಾಯದೆ ಗೇರ್ ಇಳಿಸಿಕೊಂಡು ಸರ್ರನೆ ಹತ್ತಿತು. ಎಂಥ ಜಾಣ ಕಾರು ಎಂದು ನಾನು ಬಾಯ್ತುಂಬ ಹೊಗಳಿದೆ. ಅಕ್ಕನಿಗೂ ನೆಮ್ಮದಿಯಾಗುತ್ತದೆ ಎಂದೆ. ಭಾವ ಹೌದು ಹೌದು ಎಂದು ತಲೆಯಾಡಿಸಿದರು. ಸೀಟಿನ ಮೇಲೆ ಮಡಚಿಟ್ಟ ಪಾದವನ್ನು ಸವರಿಕೊಂಡರು.

"ನೋವೇ ಇಲ್ಲ ಕಣೋ, ಒಳ್ಳೇ ಕಾರು," ಎಂದರು. "ಆದ್ರೆ ಇದು ನನ್ನ ಏನೂ ಕೇಳೋದೇ ಇಲ್ಲ."