ಒಣಬಿದಿರಲ್ಲಿ ಹೂ ಕಂಡ ಕೆಂಪಾಜಮ್ಮ

ರಾತ್ರಿ ರೋಹಿಣಿ ಮಳೆ ಒಂದು ಹದ ಬಿದ್ದು ನಿಂತಿದೆ. ಕಪಿಲೆಯ ಕಡೆಯಿಂದ ತಣ್ಣನೆಯ ಗಾಳಿ. ಮೋಡ ಇನ್ನೂ ಚದುರಿಲ್ಲ, ಮೂಡಲಲ್ಲಿ ಮಾತ್ರ ಒಂದು ಸೀಳು ಬೆಳಕು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಗಾಡಿದಾರಿಯ ಪಕ್ಕದ ಮಾವಿನ ತೋಪಿಗೆ ಕೆಂಪಾಜಮ್ಮ ಏಣಿ ಹೊತ್ತು ಬರುತ್ತಾಳೆ. ಕಂಕುಳಲ್ಲಿ ಮೊಳದುದ್ದದ ಒಣಬಿದಿರಿನ ತುಂಡು. ಅದಕ್ಕೆ ಸೀರೆಯಂಚಿನಿಂದ ಕಟ್ಟಿದ ಒಂದು ಮರಬಾಳೆ ಗಿಡ. ಇವತ್ತು ಅದನ್ನು ಮರಕ್ಕೆ ಕೊಡಬೇಕು. ಆರು ವರ್ಷದಿಂದ ಕೊಡಲಾಗದೆ ಮನೆಯಲ್ಲೇ ಇಟ್ಟುಕೊಂಡದ್ದು.

ಮಾವಿನ ಕೊಂಬೆಯಲ್ಲಿ ಕೂತು ಬೆಳೆಯುವ ಈ ಗಿಡವನ್ನು ದಾರಿಹೋಕರು ನೋಡುವುದಿಲ್ಲ. ದೋಣಿಯಂತೆ ಮಡಿಚಿದ ದಪ್ಪ ಎಲೆ, ಗಾಳಿಯಲ್ಲಿ ತೂಗುವ ಬೇರು. ಹೂ ಬಿಟ್ಟಾಗ ಮಾತ್ರ ಕಂದು ಚೌಕಳಿಯ ದಳ, ನಡುವೆ ನೇರಳೆ ನಾಲಗೆ. ಪರಿಮಳಕ್ಕೆ ದೇವರೂ ತಿರುಗಿ ನೋಡಬೇಕು.

ತೋಪಿನಲ್ಲಿ ಎಂಬತ್ತನಾಲ್ಕು ಮರ. ಅವುಗಳ ಮೇಲಿನ ಬಂದಣಿಕೆ ತೆಗೆಯುವುದು ಇಪ್ಪತ್ತಾರು ವರ್ಷದಿಂದ ಕೆಂಪಾಜಮ್ಮನ ಕೂಲಿ. ಬಂದಣಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುವ ಗಿಡ. ಬಿಟ್ಟರೆ ಕೊಂಬೆಯೇ ಒಣಗುತ್ತದೆ. ಮರಬಾಳೆಯೂ ಅದೇ ಜಾತಿಯೆಂದು ಅವಳು ತಿಳಿದಿದ್ದಳು. ಊರೇ ತಿಳಿದಿತ್ತು.

"ದಿನಕ್ಕೆ ನಾಕು ಮಂಕರಿ ಕೀಳ್ತಿದ್ದೆ ಸಾ. ಊವು ಇರೋದ್ನೂ ಬುಡ್ನಿಲ್ಲ. ಕಿತ್ತು ಕಿತ್ತು ತಿಪ್ಪೆಗೆ ಆಕ್ದೆ," ಎಂದು ಜೊತೆಗೆ ಬಂದ ನನಗೆ ಹೇಳುತ್ತಾಳೆ.

ಆರು ವರ್ಷದ ಹಿಂದೆ ಪ್ಲೇಗು ಬಂದಾಗ ಊರು ಖಾಲಿಯಾಗಿ ಬಯಲಿನ ಬಿದಿರು ಶೆಡ್ಡುಗಳಿಗೆ ಹೋಯಿತು. ಒಂಬತ್ತು ವರ್ಷದ ಮಗಳು ಚಿಕ್ಕತಾಯಿ, ಅವ್ವನ ಮಂಕರಿಯಿಂದ ಒಂದು ಮರಬಾಳೆ ಎತ್ತಿಟ್ಟುಕೊಂಡಿದ್ದವಳು, ಅದನ್ನು ಶೆಡ್ಡಿನ ಗಳುವಿಗೆ ಕಟ್ಟಿದಳು. ಕೆಂಪಾಜಮ್ಮ ನಕ್ಕಿದ್ದಳಂತೆ: "ಒಣಗಿದ ಬಿದ್ರು ಅದ್ಕೇನ್ ಕೊಟ್ಟಾತ್ಲೇ?" ಜ್ವರದಲ್ಲಿದ್ದ ಹುಡುಗಿ ಹೇಳಿದಳು, "ನಂಗೂ ಬರೀ ಗಂಜಿನೀರು ಕೊಡ್ತೀಯ. ನಾನಿಲ್ವಾ?"

ಮೂರನೆಯ ದಿನ ಹುಡುಗಿ ಇರಲಿಲ್ಲ. ನಲವತ್ತನೆಯ ದಿನ ಗಿಡ ಹೂ ಬಿಟ್ಟಿತು.

"ಸತ್ತ ಬಿದ್ರಲ್ಲಿ ಈರೋಕೆ ಏನದೆ ಸಾ? ಏನೂ ಇಲ್ಲ. ಗಾಳಿ ಕುಡ್ದು, ಮಳೆ ಕುಡ್ದು ಬಿಟ್ಟದೆ ಊವ. ಅವತ್ತು ಗೊತ್ತಾಯ್ತು, ಇಪ್ಪತ್ತು ವರ್ಸ ನಾನು ತೆಗ್ದಿದ್ದು ಕಳ್ಳರನ್ನಲ್ಲ, ನೆಂಟರನ್ನ."

ಪ್ಲೇಗು ಇಳಿದು ಶೆಡ್ಡಿಗೆ ಬೆಂಕಿ ಇಡುವ ಮುಂಚೆ ಆ ಗಳುವನ್ನಷ್ಟೇ ಕಡಿದು ಮನೆಗೆ ತಂದಳು. ಅಂದಿನಿಂದ ಕೊಂಬೆ ಮುರಿದು ಬಿದ್ದ ಮರಬಾಳೆ ಎಲ್ಲಿ ಕಂಡರೂ ತಂದು ತೋಪಿನ ಮರಗಳಿಗೆ ಕಟ್ಟುತ್ತಾಳೆ. ಇದುವರೆಗೆ ಹದಿನೇಳು. ಹನ್ನೊಂದು ಕಚ್ಚಿಕೊಂಡಿವೆ. ಮಣ್ಣು ಕೂಡದು, ಗೊಬ್ಬರ ಕೂಡದು. ತೊಗಟೆ ಕಳಚುವ ಸೀಬೆ ಆಗದು, ಒರಟು ಮಾವು ಆದೀತು. ಬೆಳಗಿನ ಬಿಸಿಲು ಬೀಳುವ ಕವಲು, ಸುಳಿಯಲ್ಲಿ ನೀರು ನಿಲ್ಲದಂತೆ ಓರೆಯಾಗಿ ಕೂರಿಸಬೇಕು. ಕಟ್ಟುವುದು ಬಾಳೆನಾರಿನಲ್ಲಿ, ಬೇರು ಹಿಡಿಯುವ ಹೊತ್ತಿಗೆ ನಾರು ತಾನೇ ಕೊಳೆತು ಉದುರುತ್ತದೆ. "ಬೇರು ಬೆಳ್ಳಗಿದ್ರೆ ಬಾಯಾರಿಕೆ, ನೀರು ಚಿಮುಕ್ಸು. ಅಸುರಾದ್ರೆ ಸುಮ್ನಿರು. ಮಕ್ಳಂಗೇ ಕಣ್ರೀ, ಕೇಳದೆ ತುರುಕಬಾರ್ದು."

ಎಲ್ಲವನ್ನೂ ಮರಕ್ಕೆ ಕೊಟ್ಟವಳು ಮಗಳು ಕಟ್ಟಿದ್ದನ್ನು ಮಾತ್ರ ಒಲೆಯ ಪಕ್ಕ ನಿಲ್ಲಿಸಿಕೊಂಡಳು. ಹೊಗೆಗೆ ಬೇರು ಕಪ್ಪಾಯಿತು. ಮೂರು ವರ್ಷದಿಂದ ಹೂವಿಲ್ಲ. ಈಗ ಉಳಿದಿರುವುದು ನಾಲ್ಕೆಲೆ, ಹಸಿರು ತುದಿಯ ಒಂದೇ ಬೇರು. ಪಕ್ಕದ ಮನೆಯ ಪುಟ್ಟಬಸವಯ್ಯ ಮೊನ್ನೆ ಬೈದ: "ಕೆಂಪಾಜಕ್ಕ, ಊರಿನ ಗಿಡಕ್ಕೆಲ್ಲ ಡಾಕ್ಟ್ರು ನೀನು. ನಿನ್ ಮನೇದಕ್ಕೆ ಚಟ್ಟ ಕಟ್ತಿದ್ದೀಯಲ್ಲ!"

ತೋಪಿನ ಒಡತಿ ಜಲಜಮ್ಮ ಛತ್ರಿ ಹಿಡಿದು ಬಂದು ನಿಂತಿದ್ದಾರೆ. "ಯಾವ ಮರ ಕೇಳ್ತೀಯೋ ತಗೊ. ಮಾವಿಗೇನಾದ್ರೂ ಆದ್ರೆ ಮಾತ್ರ ನಿನ್ನೇ ಕೇಳೋಳು ನಾನು."

"ಇದೇ ಮರ ಅಮ್ಮಾವ್ರೆ. ಇದ್ರಿಂದ್ಲೇ ಕಿತ್ತಿದ್ದು."

ಜಲಜಮ್ಮ ಹತ್ತಿರ ಬರುತ್ತಾರೆ. ಛತ್ರಿ ಮಡಚಿ ಏಣಿಯ ಬುಡವನ್ನು ಹಿಡಿದುಕೊಳ್ಳುತ್ತಾರೆ.

ಕೆಂಪಾಜಮ್ಮ ಹತ್ತುತ್ತಾಳೆ. ಸೀರೆಯಂಚಿನ ಗಂಟು ಮಗಳ ಕೈಯ ಗಂಟು. ಬಿಚ್ಚಲು ಬಹಳ ಹೊತ್ತು ಹಿಡಿಯುತ್ತದೆ. ಬಿದಿರಿಗೆ ಅಂಟಿದ ಬೇರನ್ನು ಉಗುರಿನಿಂದ, ಉಸಿರು ಬಿಗಿಹಿಡಿದು ಬಿಡಿಸುತ್ತಾಳೆ. ಮುರಿಯುವುದಿಲ್ಲ. ಬದುಕೀತೆ ಎಂದು ಕೆಳಗಿನಿಂದ ನಾನು ಕೇಳಿದರೆ, "ನಂಗೊತ್ತಿಲ್ಲ ಸಾ. ಊವ ಬಿಟ್ರೆ ನಾನು ನೋಡ್ಲೇಬೇಕು ಅಂತಿಲ್ಲ. ಬಿಟ್ರೆ ಸಾಕು," ಎನ್ನುತ್ತಾಳೆ.

ಮತ್ತೆ ಮಳೆ ಹನಿಯುತ್ತದೆ. ಕವಲಿನಲ್ಲಿ ಗಿಡವನ್ನು ಓರೆಯಾಗಿಟ್ಟು, ಬಾಳೆನಾರನ್ನು ಎರಡು ಸುತ್ತು ತರುತ್ತಾಳೆ. ಒದ್ದೆ ತೊಗಟೆಯ ಮೇಲೆ ಅಂಗೈಯಿಟ್ಟು ಮರಕ್ಕಷ್ಟೇ ಕೇಳುವಂತೆ ಅನ್ನುತ್ತಾಳೆ: "ತಕೊ ತಾಯಿ." ಆಮೇಲೆ ಕೈ ತೆಗೆಯುತ್ತಾಳೆ.