ನನ್ನ ಮೈ ಬಿಡದ ಲಿಂಗಯ್ಯ

ಶರಣ ಬಂಧುಗಳೇ, ದೇವರು ನನ್ನ ಕೈಬಿಡಲಿಲ್ಲ ಎಂದು ತಿಳಿಸಲು ಬರೆಯುತ್ತಿದ್ದೇನೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳು ಬರೆದಂತಾದೀತು.

ನಾನು ಕುಲಗೋಡದವಳು. ಆರು ವರ್ಷದಿಂದ ಕೊರಳಲ್ಲಿ ಗಡ್ಡೆ. ಹುಣಸೆ ಬೀಜದಷ್ಟಿದ್ದದ್ದು ಬರಬರುತ್ತ ಬದನೆಕಾಯಿಯಷ್ಟಾಯಿತು. ರೊಟ್ಟಿ ಹಾಲಲ್ಲಿ ನೆನೆಸಿದರೂ ಗಂಟಲಲ್ಲಿ ಇಳಿಯದು, ಅಂಗಾತ ಮಲಗಿದರೆ ಉಸಿರು ಕಟ್ಟುವುದು. ಎರಡು ಆಸ್ಪತ್ರೆಗೆ ಹೋದೆ. ಎರಡರಲ್ಲೂ ಆಪರೇಷನ್ನಿಗೆ ಮೈಮೇಲಿನ ಲಿಂಗ ತೆಗೆದಿಡಬೇಕು ಎಂದರು. ಏಳನೇ ವಯಸ್ಸಿಗೆ ಗುರುಗಳು ಕಟ್ಟಿದ ಇಷ್ಟಲಿಂಗ, ಬೆಳ್ಳಿ ಕರಡಿಗೆಯಲ್ಲಿ ಸದಾ ಎದೆಯ ಮೇಲಿರುವುದು, ಹೆರಿಗೆಯಲ್ಲೂ ಮೈ ಬಿಟ್ಟದ್ದಲ್ಲ. ಎರಡೂ ಸಲ ಅಂದೇ ಬಸ್ಸು ಹತ್ತಿ ಮನೆಗೆ ಬಂದೆ. ಮೊಂಡಿ ಎಂದರು. ಹೌದು, ಮೊಂಡಿಯೇ.

ಕಳೆದ ಕಾರ್ತಿಕದಲ್ಲಿ ಗೋಕಾಕದ ಆಸ್ಪತ್ರೆಯೊಂದಕ್ಕೆ ಪರದೇಶದ ಡಾಕ್ಟರಮ್ಮ ಒಬ್ಬರು ಬಂದರು. ಬಡವರಿರುವ ದೇಶಗಳನ್ನೆಲ್ಲ ತಿರುಗಿ, ಪುಕ್ಕಟೆ ಆಪರೇಷನ್ ಮಾಡಿ, ಅಲ್ಲಿಯ ಡಾಕ್ಟರು ನರ್ಸುಗಳಿಗೆ ಕೆಲಸ ಕಲಿಸುವವರು. ಕನ್ನಡ ಒಂದಕ್ಷರ ಬಾರದು. ಅವರ ಕೈಕೆಳಗೆ ಕಲಿಯುತ್ತಿದ್ದ ಹುಕ್ಕೇರಿ ಕಡೆಯ ಸಿಸ್ಟರ್ ಅವರ ಮಾತನ್ನು ನನಗೆ ತಿಳಿಸಿ ಹೇಳಿದರು.

"ಬೆಳ್ಳಿ ಕರಡಿಗಿ ಬ್ಯಾಡಂತ್ರಿ ಅಕ್ಕಾರ. ರಕ್ತ ನಿಲ್ಲಸಾಕ ಕರೆಂಟ್ ಹಚ್ಚತಾರ, ಬೆಳ್ಳಿ ಇದ್ರ ಮೈ ಸುಡತೈತಿ. ಲಿಂಗಾ ಬರೇ ಅರಿವ್ಯಾಗ ಸುತ್ತಿ ಮುಂಗೈಗೆ ಕಟ್ಟೂಣು. ಮೈಯಿಂದ ತಗಿಯೂದಿಲ್ಲಂತ ಮಾತ ಕೊಟ್ಟಾರ್ರಿ."

ನಮ್ಮ ಮನೆಯವರೂ ಕೈ ಹಿಡಿದು, "ನಾ ಬಾಗಲ್ದಾಗ ಇರ್ತೇನಿ. ಯಾರೂ ಮುಟ್ಟಂಗಿಲ್ಲ" ಎಂದರು. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದವರು, ನಂಬಿದೆ. ಟೇಬಲ್ಲಿನ ಮೇಲೆ ಮಲಗಿ, "ಲಿಂಗಯ್ಯಾ, ಜೀವ ಹೋದರೂ ಹೋಗಲಿ, ನೀ ನನ್ನ ಮೈ ಬಿಡಬ್ಯಾಡಪ್ಪಾ" ಎಂದು ಬೇಡಿಕೊಂಡೆ.

ಎಚ್ಚರವಾದಾಗ ಮುಂಗೈ ಬರಿದಾಗಿತ್ತು. ಎದೆ ತಡವಿಕೊಂಡೆ, ಅಲ್ಲೂ ಇಲ್ಲ. ಬಾಯಿತುಂಬ ಬೈಯಬೇಕಾದ ಹೊತ್ತಿಗೇ ಗಂಟಲು ಕೈಕೊಟ್ಟಿತ್ತು, ದನಿ ಹೊರಡಲಿಲ್ಲ. ಪಕ್ಕದಲ್ಲಿದ್ದ ಮನೆಯವರ ಮುಂದೆ ಬರಿಗೈ ಹಿಡಿದು ತೋರಿಸಿದೆ. ಅವರು ಮುಖ ತಗ್ಗಿಸಿದರು.

"ಹಿಂದಿನ ದಿನಾನ ನಾನ ಸಿಸ್ಟರಿಗೆ ಹೇಳಿಟ್ಟಿದ್ದೆ, ಶಾಂತಾ. ಎಚ್ಚರ ತಪ್ಪಿದ ಮ್ಯಾಲ ತಗದಿಡ್ರಿ, ಆಕಿ ಏಳೂದ್ರಾಗ ತಿರಗಿ ಕಟ್ರಿ ಅಂತ. ನೀ ಸತ್ತಗಿತ್ತೀ ಅಂತ ಅಂಜಿಕಿ ಬಂತು."

ಊರವರು ಹೀಗೆ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈ ಹಿಡಿದು ಮಾತು ಕೊಡುವಾಗಲೇ ಇವರ ಮನಸ್ಸಿನಲ್ಲಿ ಇದಿತ್ತು. ಅದನ್ನು ನೆನೆದು ದಿಂಬು ನೆನೆಯುವಷ್ಟು ಅತ್ತೆ. ಬದುಕಿ ಉಳಿದದ್ದೇ ಬೇಡವೆನಿಸಿತು.

ಆಗ ಸಿಸ್ಟರ್ ಬಂದರು. "ಅಳಬ್ಯಾಡ್ರಿ ಅಕ್ಕಾರ, ಹೊಲಿಗಿ ಬಿಚ್ಚತಾವ" ಎನ್ನುತ್ತ ನನ್ನ ತಲೆಯ ಮೇಲಿನ ಹಸಿರು ಟೊಪ್ಪಿಗೆ ತೆಗೆದರು. ಅದರೊಳಗೆ ಕಟ್ಟಿದ್ದ ಅರಿವೆಯ ಗಂಟು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ನನ್ನ ಲಿಂಗಯ್ಯ!

"ಸಲಾಯನ್ ಹಚ್ಚಿ ಕೈ ಬಾತಿತ್ರಿ, ದಾರ ಕೊರ್ಯಾಕತ್ತಿತ್ತು. ನಿಮ್ಮ ಯಜಮಾನ್ರು ತಗೀರಿ ಅಂದಾರ ಅಂತ ನಾ ಡಾಕ್ಟರಿಗೆ ಹೇಳಿದೆ. 'ಮಾತ ಆಕಿಗೆ ಕೊಟ್ಟೀನಿ, ಗಂಡಗಲ್ಲ. ಮತ್ತೆಲ್ಲಿ ಕಟ್ಟಬೋದು ಹೇಳು' ಅಂದ್ರು. ತಲಿ ಮ್ಯಾಲ ಧರಿಸಿದ್ರೂ ನಡೀತೈತಿ ಅಂತ ನಮ್ಮ ಅಜ್ಜಿ ಅಂತಿದ್ಲು. ಕೈಯಿಂದ ಬಿಚ್ಚಿದವರು ನೇರ ತಲಿಗೇ ಕಟ್ಟಿದ್ವಿ, ಕೆಳಗ ಇಟ್ಟಿಲ್ರಿ."

ನನ್ನ ಭಾಷೆ ಬಾರದವರು, ನನ್ನ ಧರ್ಮ ಅರಿಯದವರು ನನ್ನ ಮಾತು ಉಳಿಸಿದರು. ಅವರ ಕೈಯಲ್ಲಿ ನಿಂತು ಕಾಯ್ದವನು ಆ ಲಿಂಗಯ್ಯನೇ ಎಂದು ನಾನು ಬಲ್ಲೆ. ಅವನಿಗೂ, ಆ ಡಾಕ್ಟರಮ್ಮನಿಗೂ, ಸಿಸ್ಟರಿಗೂ ಸಾವಿರ ಶರಣು.

ಈಗ ಒಣಗಿದ ಕಟಿರೊಟ್ಟಿಯನ್ನೂ ಮುರಿದು ತಿನ್ನುತ್ತೇನೆ. ಮನೆಯವರು ದಿನಾ ಪೂಜೆಗೆ ಬಿಲ್ವಪತ್ರೆ ತಂದಿಡುತ್ತಾರೆ. ಅಂಜಿ ಮಾಡಿದ್ದು ಎಂಬುದು ನನಗೂ ತಿಳಿಯುತ್ತದೆ. ಆದರೂ ಅವರು "ನಾ ಅದೀನಲ್ಲಾ, ಅಂಜಬ್ಯಾಡ" ಎಂದಾಗಲೆಲ್ಲ ನನ್ನ ಕೈ ತಾನಾಗಿ ಎದೆಯ ಮೇಲೆ ಹೋಗಿ ಲಿಂಗ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತದೆ. ದೇವರ ಮೇಲಿನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ. ಗಂಡನ ಮೇಲಿನದನ್ನೂ ಮರಳಿ ಕೊಡಪ್ಪಾ ಎಂದು ದಿನಾ ಬೇಡುತ್ತೇನೆ. ಅದೊಂದನ್ನು ಅವನು ಇನ್ನೂ ಕೊಟ್ಟಿಲ್ಲ.