ಹಿಮವಿಲ್ಲದ ಪಾರ್ಕಿನಲ್ಲಿ ಹಿಮದ ಪಾಠ

ಮಕ್ಕಳ ಜಾರುಬಂಡೆಯ ಕೆಳಗೆ ಹಾಸುವ ಮರದ ಚಕ್ಕೆಗೆ ಇಲ್ಲಿ ಮೆಲ್ಬರ್ನ್‌ನಲ್ಲಿ ಟ್ಯಾನ್‌ಬಾರ್ಕ್ ಅನ್ನುತ್ತಾರೆ. ಮಳೆ ಬಿದ್ದಾಗ ಅದರಿಂದ ಒಂದು ಹುಳಿ ವಾಸನೆ ಏಳುತ್ತದೆ. ಕಳೆದ ಶನಿವಾರ ಬಾಕ್ಸ್ ಹಿಲ್‌ನ ಪಾರ್ಕಿನ ಹತ್ತಿರ ಮಗಳ ಕಾರಿನಿಂದ ಇಳಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಅವಳ ಕನ್ನಡ ಶಾಲೆಯ ಟೀಚರ್ ನೆನಪಾದರು...

ಧಾರವಾಡ ಕಡೆಯವರು. ಮೆಲ್ಬರ್ನ್‌ಗೆ ಬರುವ ಮೊದಲು ಗಂಡನ ಕೆಲಸದ ದೆಸೆಯಿಂದ ಕೆನಡಾದಲ್ಲಿದ್ದರಂತೆ. ಅಲ್ಲಿ ಸ್ಕೀ ಕಲಿತು, ಗೆಳತಿಯರ ಜೊತೆ ರೆಸಾರ್ಟುಗಳಾಚೆಯ ಹಿಮದ ಬೆಟ್ಟಗಳನ್ನು ಹತ್ತಿ ಇಳಿದಿದ್ದರಂತೆ. ಶನಿವಾರ ಬೆಳಿಗ್ಗೆ ಸೀರೆ ಉಟ್ಟು ಒತ್ತಕ್ಷರ ತಿದ್ದಿಸುವ ಆಕೆಯನ್ನು ನೋಡಿದರೆ ಯಾರೂ ನಂಬುತ್ತಿರಲಿಲ್ಲ. ನಾನೂ ಅರ್ಧವೇ ನಂಬಿದ್ದೆ.

ಇಲ್ಲಿ ಚಳಿ ಶುರುವಾಗುವ ಮೇ ತಿಂಗಳು ಬಂತೆಂದರೆ ನಮ್ಮವರು ಸ್ನೋ ಟ್ರಿಪ್ಪಿಗೆ ಯಾರು ಪುಳಿಯೋಗರೆ, ಯಾರು ಚಪಾತಿ ಎಂದು ಹಂಚಿಕೊಳ್ಳಲು ಶುರುಮಾಡುತ್ತಾರೆ. ಆಗ ಟೀಚರ್ ಮಕ್ಕಳನ್ನು ಪಕ್ಕದ ಈ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಕೈಯಲ್ಲೊಂದು ಊಟದ ಚೀಲ, ಅದರೊಳಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಎರಡು ಯಂತ್ರ. ಬೀಕನ್ ಎಂದು ಹೆಸರು. ಹಿಮದ ಬೆಟ್ಟಕ್ಕೆ ಹೋಗುವವರು ಅದನ್ನು ಎದೆಗೆ ಕಟ್ಟಿಕೊಳ್ಳಬೇಕು. ಹಿಮ ಕುಸಿದು ಒಬ್ಬರು ಹೂತುಹೋದರೆ ಅವರ ಬೀಕನ್ ಸಿಗ್ನಲ್ ಕಳಿಸುತ್ತಲೇ ಇರುತ್ತದೆ. ಉಳಿದವರ ಬೀಕನ್ ಅದನ್ನು ಹಿಡಿದು, ಎತ್ತ ಕಡೆ, ಎಷ್ಟು ದೂರ ಎಂದು ತೋರಿಸುತ್ತದೆ. ಟೀಚರ್ ಒಂದನ್ನು ಟ್ಯಾನ್‌ಬಾರ್ಕಿನಲ್ಲಿ ಹೂತು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. “ಈಗ ನಾ ಇಲ್ಲಿಲ್ಲ. ಹಿಮದ ಕೆಳಗ ಇದ್ದೀನಿ. ಹುಡುಕ್ರಿ.”

ಷರತ್ತು ಒಂದೇ, ಕನ್ನಡದಲ್ಲೇ ಕೂಗಬೇಕು. ಮನೆಯಲ್ಲಿ “ಊಟ ಆಯ್ತಾ” ಅಂದರೆ “ಯಾ” ಅನ್ನುವ ಮಕ್ಕಳು ಇಲ್ಲಿ “ಎಡಕ್ಕೆ! ಹತ್ತಿರ! ಅಯ್ಯೋ, ದೂರ ಆಯ್ತು!” ಎಂದು ಗಂಟಲು ಹರಿಯುವಂತೆ ಕಿರುಚುತ್ತಿದ್ದವು. ಹೂತುಹೋದವರ ತಲೆಯ ಮೇಲೇ ನಿಂತು ಗುಂಡಿ ತೋಡಬಾರದು, ಇಳಿಜಾರಿನ ಕೆಳಬದಿಯಿಂದ ಅಡ್ಡಕ್ಕೆ ಅಗೆಯಬೇಕು ಎನ್ನುವುದನ್ನು ಪ್ಲಾಸ್ಟಿಕ್ ಸಲಿಕೆಗಳಲ್ಲೇ ಕಲಿತವು. ಬೀಕನ್ ಕೈಗೆ ಬಂದಾಗ ಎಲ್ಲ ಸೇರಿ “ಟೀಚರ್ ಸಿಕ್ಕಿದ್ರು!” ಎಂದು ಕೂಗುತ್ತಿದ್ದವು. ಟೀಚರ್ ಬೆಂಚಿನಿಂದೆದ್ದು, ಮೈಮೇಲಿನ ಹಿಮ ಉದುರಿಸುವವರಂತೆ ಮೈ ಕೊಡವಿಕೊಳ್ಳುತ್ತಿದ್ದರು.

ಒಂದು ವರ್ಷ ಪೋಷಕರ ಸಭೆಯಲ್ಲಿ ತಕರಾರು ಎದ್ದಿತು. ಊರಿನ ಆಚೆ ತುದಿಯ ಟ್ರುಗನಿನಾದಿಂದ ಬರುವ ಒಬ್ಬ ಅಪ್ಪ ಎದ್ದು ನಿಂತರು. “ನಾನು ಬ್ರಿಡ್ಜ್ ಟ್ರಾಫಿಕ್‌ನಲ್ಲಿ ಒದ್ದಾಡ್ಕೊಂಡು ಬರೋದು ಮಗ ಕನ್ನಡ ಓದ್ಲಿ ಅಂತ. ಅವನು ಮನೇಲಿ ಅಜ್ಜಿ ಮೇಲೆ ರಜಾಯಿ, ದಿಂಬು ಎಲ್ಲಾ ಹೇರಿ, ಆಮೇಲೆ ಹುಡುಕ್ತಾನೆ. ಆಸ್ಟ್ರೇಲಿಯಾದಲ್ಲಿ ಹಿಮಕುಸಿತ ಎಲ್ಲಿದೆ ಮೇಡಂ?”

“ಗುಡ್ಡ ಅದ, ಹಿಮಾ ಬೀಳ್ತದ, ಇಳಿಜಾರೂ ಅದ. ಇನ್ನೇನ್ ಬೇಕ್ರಿ?” ಅಂದರು ಟೀಚರ್.

“ಇಲ್ಲಿ ನೀವೆಷ್ಟು ಸಲ ಹೋಗಿದ್ದೀರಿ?”

“ಒಮ್ಮೆನೂ ಇಲ್ಲ.”

ಸಭೆ ಜೋರಾಗಿ ನಕ್ಕಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಯಾರೋ ಒಗ್ಗರಣೆ ಹಾಕಿದರು. ಟೀಚರ್ ನಗು ನಿಲ್ಲುವ ತನಕ ಕಾದರು.

“ಜೋಡಿ ಬರೋರು ಬೇಕಲ್ರಿ. ಹೂತುಹೋದ ಮ್ಯಾಲೆ ನನ್ನ ಬೀಕನ್ ಒಂದ ನನ್ನ ಉಳಸಂಗಿಲ್ಲ, ಹುಡುಕೋರು ಉಳಸ್ತಾರ. ಕೆಳಗಿಂದ ರೆಸ್ಕ್ಯೂ ಬರೂದ್ರಾಗ ಹೊತ್ತು ಮೀರಿರ್ತದ. ಹುಡುಕಲಿಕ್ಕೆ ಗೊತ್ತಿದ್ದವರು ಯಾರೂ ನನಗಿಲ್ಲಿ ಸಿಗಲಿಲ್ಲ, ಅದಕ್ಕ ಹೋಗಿಲ್ಲ. ಈ ಹುಡುಗ್ರು ದೊಡ್ಡವರಾಗ್ಲಿ, ಇವರ ಜೋಡಿ ಹೋಗ್ತೀನಿ.”

ಪಾಠ ಮುಗಿದ ಮೇಲೆ ಅರ್ಧ ಗಂಟೆ ಈ ಹುಡುಕಾಟ ಎಂದು ಒಪ್ಪಂದವಾಯಿತು, ಕಾಫಿ ಬಂತು. ಆಮೇಲೆ ಮಾತ್ರ ಟೀಚರ್ ಬೆಂಚಿನ ಮೇಲೆ ಕೂತು ಮಕ್ಕಳನ್ನು ನೋಡುವ ರೀತಿ ನನಗೆ ಬೇರೆಯಾಗಿ ಕಾಣತೊಡಗಿತು. ಯಾರು ಎಷ್ಟು ಎತ್ತರ ಬೆಳೆದರು ಎಂದು ಕಣ್ಣಲ್ಲೇ ಅಳೆಯುತ್ತಿದ್ದರೋ ಏನೋ...

ಮಕ್ಕಳು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಟೀಚರ್‌ಗೆ ಕಾಯಿಲೆಯಾಯಿತು. ಬೆಟ್ಟವೂ ಅಲ್ಲ, ಹಿಮವೂ ಅಲ್ಲ. ಈ ಪಾರ್ಕಿಗೆ ಕೂಗಳತೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಗಂಡ ಆ ಊಟದ ಚೀಲವನ್ನು ನನ್ನ ಮಗಳ ಕೈಗೆ ಕೊಟ್ಟು, ಮನೆ ಖಾಲಿ ಮಾಡಿ ಸಿಡ್ನಿಗೆ ಹೋದರು.

ಈ ಚಳಿಗಾಲ ಮಗಳು ಮತ್ತು ಅವಳ ಇಬ್ಬರು ಕನ್ನಡ ಶಾಲೆಯ ಗೆಳೆಯರು ಬೆಟ್ಟಕ್ಕೆ ಹೊರಟಿದ್ದಾರೆ. ಹಿಮಕುಸಿತದ ಕೋರ್ಸ್ ಮುಗಿಸಿದ್ದಾರೆ, ಹೊಸ ಬೀಕನ್ ಕೊಂಡಿದ್ದಾರೆ, ಹಿಮದ ಮುನ್ಸೂಚನೆ ಸರಿಯಿಲ್ಲದಿದ್ದರೆ ಹತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಒಬ್ಬ ಆ ಟ್ರುಗನಿನಾ ಹುಡುಗ. ಅವನಪ್ಪ ಗೊಣಗುತ್ತಲೇ ಒಳ್ಳೆಯ ಸಲಿಕೆ ಕೊಡಿಸಿದರಂತೆ.

ಶನಿವಾರ ಅಭ್ಯಾಸಕ್ಕೆಂದು ಟೀಚರ್ ಅವರ ಹಳೆಯ ಬೀಕನ್ ಹೂತಿಡುವ ಕೆಲಸ ನನ್ನ ಪಾಲಿಗೆ ಬಂತು. ಹೂತು ಬಂದು ಬೆಂಚಿನ ಮೇಲೆ ಕೂತೆ. ಅಲ್ಲಿಯವರೆಗೆ ಇಂಗ್ಲಿಷಿನಲ್ಲೇ ಹರಟುತ್ತಿದ್ದ ಮೂವರೂ, ಹುಡುಕಾಟ ಶುರುವಾದದ್ದೇ “ಎಡಕ್ಕೆ! ಹತ್ತಿರ!” ಎಂದು ಕೂಗತೊಡಗಿದರು. ಅಗೆದರು. ಬೀಕನ್ ಎತ್ತಿ ಹಿಡಿದು ಒಟ್ಟಿಗೆ, “ಟೀಚರ್ ಸಿಕ್ಕಿದ್ರು!”

ಹಳೆಯ ಅಭ್ಯಾಸ, ಬೆಂಚಿನ ಕಡೆ ತಿರುಗಿದರು. ಟೀಚರ್ ಅಷ್ಟು ವರ್ಷ ಕಾದಿದ್ದ ಜೊತೆಗಾರರು ಕೊನೆಗೂ ತಯಾರಾಗಿ ನಿಂತಿದ್ದರು. ಎದ್ದು ಮೈ ಕೊಡವಿಕೊಳ್ಳಲು ನನ್ನಿಂದಾಗಲಿಲ್ಲ.